ಬೆಲೆಚೀಟಿ ಕೀಳದ ಹೆಲ್ಮೆಟ್‌ಗಳು

ಕ್ರೀಡಾ ಸಾಮಾನಿನ ಅಂಗಡಿಯಲ್ಲಿ, ಕಾಲಿಗೆ ಬಿಗಿಯಾದ ಶೂ ವಾಪಸು ಕೊಡಲು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಹುಡುಗಿಯರ ಐಸ್ ಹಾಕಿ ತಂಡದ ಪ್ರಾಯೋಜಕ ಕಂಪನಿಯ ಮೇಡಂ, ಅವರ ಸಹಾಯಕ, ಒಂದು ಗಾಡಿ ತುಂಬ ಹೊಸ ಹೆಲ್ಮೆಟ್‌ಗಳು.

"ಬೆಲೆಚೀಟಿ ಎಲ್ಲಾದ್ರಲ್ಲೂ ಇದೆ ತಾನೆ?"

"ಇದೆ ಮೇಡಂ. ಫೋಟೊ ತೆಗೆಯುವಾಗ ಒಳಗೆ ಮಡಚಿಟ್ಟಿದ್ದೆ."

"ಜಾಣ ಕಣಯ್ಯಾ ನೀನು. ಹಾಕ್ಕೊಂಡು ಆಡ್ಲಿಲ್ಲ ತಾನೆ?"

"ಫೋಟೊ ಆದ ತಕ್ಷಣ ಬಿಚ್ಚಿಸ್ದೆ. ತಮ್ಮ ಹಳೇ ಒಡಕಲು ಹೆಲ್ಮೆಟ್‌ನಲ್ಲೇ ಆಡಿದ್ರು. ಗೋಲ್‌ಕೀಪರ್ ಹುಡುಗಿ ಮಾತ್ರ ಕೊಡಲ್ಲ ಅಂತ ಹಟ ಹಿಡಿದ್ಲು."

"ಕೊಟ್ಲಲ್ಲ?"

"ಕಿತ್ಕೊಂಡೆ. ಆಟದಲ್ಲಿ ಚೆಂಡಿನ ಬದಲು ಹೊಡೀತಾರಲ್ಲ, ಆ ಗಟ್ಟಿ ರಬ್ಬರ್ ಬಿಲ್ಲೆ ಅವಳ ಹಣೆಗೇ ಬಡೀತು ಮೇಡಂ. ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿಲ್ವಂತೆ."

"ಅವಳ ಗ್ರಹಚಾರ, ನಾವೇನು ಮಾಡೋಕಾಗತ್ತೆ? ಫೋಟೊದಲ್ಲಿ ಅವಳೇ ಚೆನ್ನಾಗಿ ಬಂದಿದ್ದಾಳೆ. ಪೇಪರಿಗೆ ಅದನ್ನೇ ಕಳಿಸು."

ಅವರ ಸರದಿ ಬಂತು. ಅಂಗಡಿಯವನು ಒಂದು ಹೆಲ್ಮೆಟ್ ತಿರುಗಿಸಿ ನೋಡಿದ.

"ಬಳಸಿದ್ದೀರಾ?"

"ಇಲ್ಲಪ್ಪ, ಒಂದು ಸಲಾನೂ ಇಲ್ಲ."

"ಮತ್ತೆ ವಾಪಸು ಯಾಕೆ ಮೇಡಂ?"

ಮೇಡಂ ನಿಟ್ಟುಸಿರು ಬಿಟ್ಟರು.

"ಏನು ಹೇಳ್ಲಿ? ಅಷ್ಟು ಪ್ರೀತಿಯಿಂದ ಕೊಡಿಸಿದ್ವಿ. ಹುಡುಗೀರು ಹಾಕ್ಕೊಳ್ಳಲೇ ಇಲ್ಲ."

ರಸೀದಿ ಮಡಚಿಕೊಂಡು, ಖಾಲಿ ಗಾಡಿ ತಳ್ಳಿಸಿಕೊಂಡು ಹೊರಟರು.