ಎರಡು ಅಂಗುಲ ಸಾಕು

೨೦೦೩ನೆಯ ಇಸವಿ, ಆಗಸ್ಟ್ ಹದಿನೇಳು, ಭಾನುವಾರ, ಊಟವಾದ ಮೇಲೆ.

...ಬೇಡ. ನಾಲ್ಕು ಅಂಗುಲ ಬೇಡ, ಧೃತಿ. ಎರಡು ಸಾಕು. ಹೇಳಿಯಾಯಿತು.

ಏಕೆ ಎಂದು ಕೇಳುತ್ತೀಯಾ? ಕೇಳು. ಕೇಳುವುದು ಒಳ್ಳೆಯ ಅಭ್ಯಾಸ. ಆದರೆ ಮೊದಲು ಆ ಬಾನೆಟ್ಟಿನ ಮೇಲಿನಿಂದ ಇಳಿ. ಕಾಲೇಜಿನಲ್ಲಿ ಪಾಠ ಹೇಳುವ ಹೆಣ್ಣುಮಗಳು, ಚಾಮರಾಜಪೇಟೆಯ ಬೀದಿಗೆಲ್ಲ ಕಾಣುವಂತೆ ವಾಹನದ ಮೂತಿಯ ಮೇಲೆ ಕುಳಿತು ಕಾಲು ಆಡಿಸುವುದು! ನಿನ್ನ ತಾತ, ನನ್ನ ಅಣ್ಣ ರಾಮಾನುಜ, ಸೈಕಲ್ಲಿನ ಮೇಲೂ ಬೆನ್ನು ನೆಟ್ಟಗಿಟ್ಟುಕೊಂಡು ಕೂರುತ್ತಿದ್ದ. ನೀನು ಅವನ ಮೊಮ್ಮಗಳು ಎಂದರೆ ಯಾರು ನಂಬುತ್ತಾರೆ?

ಹಾಂ. ಹಾಗೆ. ನೆಲದ ಮೇಲೆ ನಿಂತು ಮಾತನಾಡೋಣ.

ವಿಷಯವನ್ನು ಕ್ರಮವಾಗಿ ಇಡುತ್ತೇನೆ. ಕ್ರಮವಿಲ್ಲದ ವಾದ ನನಗೆ ಆಗದು. ನೀನು ಈ ಹಳೆಯ ಪಿಕಪ್ ಕೊಂಡೆ. ಅದರ ಹಿಂದಿನ ತೊಟ್ಟಿಯಲ್ಲಿ ನೀನೂ ನಿನ್ನ ಗೆಳತಿಯರೂ ಕೂಡಿ ಕಟ್ಟಿದ ಆ ದೊಡ್ಡ ದೂರದರ್ಶಕವನ್ನು ಮಲಗಿಸಿಕೊಂಡು, ಕೋಲಾರದ ಹೆದ್ದಾರಿ ಹಿಡಿದು, ಅಲ್ಲಿಂದ ಗುಡ್ಡದ ಕಚ್ಚಾ ದಾರಿ ಹತ್ತಿ, ದೀಪಗಳಿಲ್ಲದ ಕಡೆ ಆಕಾಶ ನೋಡುತ್ತೀರಿ. ಕಳೆದ ಸಲ ಅರ್ಧ ಗುಡ್ಡದಲ್ಲೇ ವಾಹನದ ಹೊಟ್ಟೆ ಬಂಡೆಗೆ ಉಜ್ಜಿತು. ಸೈಲೆನ್ಸರನ್ನು ಕೈಯಲ್ಲಿ ಹಿಡಿದುಕೊಂಡು ವಾಪಸು ಬಂದಿರಿ... ನಗಬೇಡ. ಎದುರುಮನೆಯ ಶೀನಣ್ಣ ಗೇಟಿನ ಹತ್ತಿರ ನಿಂತು, "ಏನ್ ಟೀಚರ್, ನಿಮ್ ಹುಡುಗಿ ಗುಡ್ಡದಲ್ಲಿ ನಾದಸ್ವರ ಬೇಟೆ ಆಡ್ಕೊಂಡು ಬಂದಳಾ?" ಎಂದು ಕೇಳಿದರು. 

ಈಗ ಬರುವ ಅಮಾವಾಸ್ಯೆಗೆ ಮತ್ತೆ ಹೋಗಬೇಕು. ಮಂಗಳ ಗ್ರಹ ಇಷ್ಟು ಹತ್ತಿರ ಬಂದದ್ದು ಮನುಷ್ಯರ ನೆನಪಿನಲ್ಲೇ ಇಲ್ಲವಂತೆ. ಅದಕ್ಕೆ ಮುಂಚೆ ವಾಹನವನ್ನು ಎತ್ತರಿಸಬೇಕು. ಕಲಾಸಿಪಾಳ್ಯದ ಗ್ಯಾರೇಜಿನ ಮುನಿರಾಮಪ್ಪನವರು ಸಂಜೆಯೊಳಗೆ ಉತ್ತರ ಕೇಳಿದ್ದಾರೆ. ಎರಡೋ, ನಾಲ್ಕೋ? ಇಷ್ಟೇ ಪ್ರಶ್ನೆ. ಸರಿ ತಾನೆ?

ಸರಿ.

ಮುನಿರಾಮಪ್ಪನವರ ಮಾತು ನಾನೂ ಕೇಳಿದೆ. "ನಾಲ್ಕಿಂಚು ಹಾಕ್ಸಿ ಮೇಡಂ, ಗಾಡಿ ಆನೆ ಥರಾ ನಿಂತ್ಕೊಳ್ತದೆ." ನಿಲ್ಲುತ್ತದೆ, ನಾನೂ ಒಪ್ಪುತ್ತೇನೆ. ಆದರೆ ಆನೆ ಹೆದ್ದಾರಿಯಲ್ಲಿ ಎಂಬತ್ತು ಕಿಲೋಮೀಟರ್ ವೇಗದಲ್ಲಿ ತಿರುವು ತೆಗೆದುಕೊಳ್ಳುವುದಿಲ್ಲ! ನೀನು ತೆಗೆದುಕೊಳ್ಳುತ್ತೀ. ಗುರುತ್ವ ಕೇಂದ್ರ ಎಂದರೆ ಏನು? ಹೇಳು. ...ಹೇಳಲಾರೆಯಾ? ನಾನೇ ಕಲಿಸಿದ್ದು, ಇದೇ ಜಗಲಿಯ ಮೇಲೆ, ಕಾಫಿ ಲೋಟ ಇಟ್ಟು. ಅಗಲ ಬೆಳೆಸದೆ ಎತ್ತರ ಮಾತ್ರ ಬೆಳೆಸಿದರೆ ಲೋಟ ಏನಾಗುತ್ತದೆ? ಕಾಫಿ ಯಾರ ಸೀರೆಯ ಮೇಲೆ ಬೀಳುತ್ತದೆ? ಅಂದು ನನ್ನ ಸೀರೆಯ ಮೇಲೆ ಬಿತ್ತು. ಚೆನ್ನಾಗಿ ನೆನಪಿದೆ.

ಇನ್ನೊಂದು. ಕಮಾನು ಪಟ್ಟಿಗಳನ್ನು, ಎಂದರೆ ಆ ಸ್ಪ್ರಿಂಗುಗಳನ್ನು, ಎತ್ತರಿಸಿದರೆ ವಾಹನದ ಮೈ ಏರುತ್ತದೆ, ಅಚ್ಚು ಏರುವುದಿಲ್ಲ. ಚಕ್ರದಿಂದ ಚಕ್ರಕ್ಕೆ ಹೋಗುವ ಆ ಅಚ್ಚು, ಅದರ ನಡುವಿನ ಕಬ್ಬಿಣದ ಗುಂಡು, ಇದ್ದಲ್ಲೇ ಇರುತ್ತದೆ. ನಾಲ್ಕು ಅಂಗುಲ ಎತ್ತರಿಸಿ ಬೀಗುತ್ತಾ ಹೋದರೂ ಆ ಗುಂಡು ಅದೇ ಬಂಡೆಯನ್ನು ಅಷ್ಟೇ ಪ್ರೀತಿಯಿಂದ ಮುಟ್ಟುತ್ತದೆ. ಅದನ್ನು ಮೇಲೆತ್ತಬೇಕಾದರೆ ಟೈರು ದೊಡ್ಡದಾಗಬೇಕು. ಟೈರಿನಿಂದ ಇನ್ನೊಂದು ಅಂಗುಲ...

ಇನ್ನೊಂದು ಅಂಗುಲ... ಹೂಂ.

ಏನಿಲ್ಲ. ಟೈರಿನ ವಿಷಯ ಆಮೇಲೆ ಯೋಚಿಸೋಣ.

ಏಕೆ ಹಾಗೆ ನೋಡುತ್ತೀ? ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತೋರಿಸು. ಮೆತ್ತನೆಯ ಪಟ್ಟಿ ಬೇಕೇ, ಬಿರುಸಾದದ್ದು ಬೇಕೇ? ಅದನ್ನೂ ನೀನು ಯೋಚಿಸಿಲ್ಲ. ನಾಲ್ಕು ಅಂಗುಲದ ಆ ಪಟ್ಟಿಗಳು ಬಿರುಸಂತೆ, ಮುನಿರಾಮಪ್ಪನವರೇ ಹೇಳಿದರು; ಮೂಟೆ ಹೊರುವ ಗಾಡಿಗೆ ಹಾಕುವಂಥವು. ದಾರಿಯುದ್ದಕ್ಕೂ ಕುಲುಕಿದರೆ ದೂರದರ್ಶಕದ ಕನ್ನಡಿಯ ಗತಿ ಏನು? ಗುಡ್ಡದ ಮೇಲೆ ಹೋಗಿ ನಿಂತು ಒಂದು ಮಂಗಳಕ್ಕೆ ಮೂರು ಮಂಗಳ ನೋಡುತ್ತೇವೆಯೇ?

...ನೋಡುತ್ತೀರಿ. ನೀವು ನೋಡುತ್ತೀರಿ ಎಂದೆ.

ಇಲ್ಲ, ನೋಡುತ್ತೇವೆ ಎನ್ನಲಿಲ್ಲ. ಅಂದೆನೇ? ಬಾಯಿತಪ್ಪಿ ಬಂದಿರಬೇಕು. ಊಟವಾದ ಮೇಲೆ ನಾಲಿಗೆ ಸ್ವಲ್ಪ ಸಡಿಲ. ನಗಲು ಏನಿದೆ ಇದರಲ್ಲಿ?

ನಾನು ಬರುವುದಿಲ್ಲ ಎಂದು ಯುಗಾದಿಯ ದಿನವೇ ಹೇಳಿದ್ದೇನೆ. ನೀನು ಕರೆದೆ. "ಪುಸ್ತಕದಲ್ಲಿ ನೋಡಿದ್ದೇನೆ, ಸಾಕು" ಎಂದೆ. ಆಡಿದ ಮಾತು ಆಡಿದ್ದೇ. ನಮ್ಮ ಕಾನ್ವೆಂಟಿನಲ್ಲಿ ಮಾತು ಬದಲಿಸಿದವರನ್ನು ಅಸೆಂಬ್ಲಿಯಲ್ಲಿ ಎಲ್ಲರ ಮುಂದೆ ನಿಲ್ಲಿಸುತ್ತಿದ್ದರು. ಈ ವಯಸ್ಸಿನಲ್ಲಿ ನಿಮ್ಮಂಥ ಹುಡುಗಿಯರ ಮುಂದೆ ಹೋಗಿ ನಿಲ್ಲಲೇ?

ಎಲ್ಲಿ ನೋಡುತ್ತಿದ್ದೀ? ಇತ್ತ ನೋಡು. ನಾನು ಮಾತನಾಡುತ್ತಿದ್ದೇನೆ.

ಅವೇ? ಅವು ಮಣೆಗಳು. ಮಣೆ ನೋಡಿಲ್ಲವೇ? ಊಟಕ್ಕೆ ಕೂರುವ ಮಣೆ, ಹಲಸಿನ ಮರದ್ದು. ಗೌರಿ ಹಬ್ಬ ಹತ್ತಿರ ಬಂತು. ಒರೆಸಿ ಬಿಸಿಲಿಗೆ ಇಟ್ಟಿದ್ದೇನೆ.

ಒಂದರ ಮೇಲೊಂದು ಇಟ್ಟರೆ ಬಿಸಿಲು ತಾಗುವುದಿಲ್ಲ ಎನ್ನುವುದು ನನಗೂ ಗೊತ್ತು. ನರಸಮ್ಮ ಇಟ್ಟಿರಬೇಕು. ಅವಳ ಕೆಲಸವೇ ಹಾಗೆ, ಎಲ್ಲವನ್ನೂ ಅಡುಕುವುದು.

ಮೇಲಿರುವುದು ಹಪ್ಪಳದ ಮಣೆ, ಹೌದು. ಅದಕ್ಕೇನಂತೆ? ಹಪ್ಪಳದ ಮಣೆಗೆ ಬಿಸಿಲು ಬೇಡವೇ? ...ನರಸಮ್ಮ ಅದನ್ನು ಬೆಳಗಿನಿಂದ ಹುಡುಕುತ್ತಿದ್ದಾಳೆಯೇ? ಓ. "ಮನೇಲಿ ಇದ್ದ ಮಣೆ ಕಾಲು ಬಂದು ನಡ್ಕೊಂಡ್ ಹೋಯ್ತಾ ಅಮ್ಮಾ" ಅಂದಳೇ ನಿನ್ನ ಹತ್ತಿರ? ಹಾಗಾದರೆ ಅವಳು ಇಟ್ಟದ್ದಲ್ಲವೇನೋ. ಯಾರೋ ಇಟ್ಟಿದ್ದಾರೆ. ಬಿಡು.

ಕಂಬಕ್ಕೆ ಕಟ್ಟಿರುವ ಹಗ್ಗವೇ? ಬಟ್ಟೆ ಹರವಲು.

ಇನ್ನೊಂದು ತುದಿ ಎಲ್ಲಿಗೂ ಕಟ್ಟಿಲ್ಲ, ನಿಜ. ಕಟ್ಟಬೇಕು. ಕಟ್ಟುತ್ತೇನೆ.

ಧೃತಿ, ನಾವು ಕಮಾನು ಪಟ್ಟಿಯ ವಿಷಯ ಮಾತನಾಡುತ್ತಿದ್ದೆವು! ಜಗಲಿಯ ಹತ್ತಿರ ಹೋಗುವ ಅಗತ್ಯವಿಲ್ಲ. ಗೋಣಿತಾಟು ಎತ್ತಬೇಡ... ಎತ್ತಬೇಡ ಎಂದೆ. ನೋಡಿದೆಯಾ? ನೋಡು. ಕೆಳಗೆ ಬರೀ ಮಣೆಯೇ. ಕಾಲು ಸೋಕಬಾರದೆಂದು ಗೋಣಿ ಹಾಸಿದೆ. ಕೂರುವ ಮಣೆಯ ಮೇಲೆ ಕಾಲಿಟ್ಟರೆ ನನ್ನಮ್ಮ ಮೂರು ಹೊತ್ತು ಬಯ್ಯುತ್ತಿದ್ದಳು. ಹಳೆಯ ಪೇಪರು ಹಾಸಬಹುದಿತ್ತು. ಆದರೆ ಅಕ್ಷರದ ಮೇಲೆ ಕಾಲಿಡುವಷ್ಟು ನಾನು ಇನ್ನೂ ಕೆಟ್ಟಿಲ್ಲ.

...

ಯಾರ ಕಾಲು ಎಂದು ನೀನು ಕೇಳಲಿಲ್ಲ. ಗೊತ್ತು, ಕೇಳಲಿಲ್ಲ.

ಏನಾದರೂ ಮಾತನಾಡು. ಸುಮ್ಮನೆ ನಿಲ್ಲಬೇಡ. ನಿನ್ನ ತಾತನೂ ಹೀಗೆಯೇ, ನಾನು ತಪ್ಪಿದಾಗಲೆಲ್ಲ ಸುಮ್ಮನೆ ನಿಲ್ಲುತ್ತಿದ್ದ. ಬೈದಿದ್ದರೆ ಎದುರು ಮಾತಾಡಿಬಿಡುತ್ತಿದ್ದೆ. ಸುಮ್ಮನಿದ್ದವರಿಗೆ ಏನು ಹೇಳುವುದು?

ನಗುತ್ತಲೂ ಇಲ್ಲವಲ್ಲ ಈಗ!

ಸರಿ. ಸರಿ. ಹೇಳುತ್ತೇನೆ. ಕೂತುಕೋ.

ಈ ಜಗಲಿಯ ಅಂಚೂ ನಿನ್ನ ವಾಹನದ ಒಳನೆಲವೂ ಒಂದೇ ಎತ್ತರ. ಅಳೆದಿದ್ದೇನೆ. ಇದನ್ನು ನಾನು ಹತ್ತುತ್ತೇನೆ, ದಿನವೂ. ಇದರ ಮೇಲೆ ಒಂದು ಮಣೆ ಇಟ್ಟರೆ ಎರಡು ಅಂಗುಲ ಎತ್ತರಿಸಿದ ಹಾಗೆ. ಎರಡು ಮಣೆ, ನಾಲ್ಕು. ಹಪ್ಪಳದ ಮಣೆ ದೊಡ್ಡ ಟೈರಿನ ಲೆಕ್ಕಕ್ಕೆ, ಒಂದೇ ಅಂಗುಲ. ಬೀದಿಯಲ್ಲಿ ಜನ ಓಡಾಡುವ ಮೊದಲೇ ಎದ್ದು ಹತ್ತಿ ನೋಡಿದೆ. ಬಲಗೈಗೆ ಹಗ್ಗ, ಒಳಗೆ ಹಿಡಿಕೆ ಇದೆಯಲ್ಲ, ಅದರ ಬದಲಿಗೆ. ಒಂದು ಮಣೆ, ಹತ್ತಿದೆ. ಸೊಗಸಾಗಿ ಹತ್ತಿದೆ! ಒಂದು ಮಣೆ, ಮೇಲೆ ಹಪ್ಪಳದ್ದು... ಹತ್ತಿದೆ ಎಂದೇ ಬರೆದುಕೊಳ್ಳೋಣ. ಎರಡು ಮಣೆ, ಆಗಲಿಲ್ಲ. ಮಂಡಿ ಒಪ್ಪಲಿಲ್ಲ. ಇನ್ನೊಮ್ಮೆ ನೋಡಿದೆ. ಹಗ್ಗ ಹಿಡಿದು ಗಂಟೆಯ ನಾಲಿಗೆಯ ಹಾಗೆ ತೂಗಾಡುತ್ತಾ ನಿಂತಿದ್ದೆ. ಅಷ್ಟರಲ್ಲಿ ಹಾಲಿನವನು ಬಂದ. "ಏನ್ ಟೀಚರಮ್ಮಾ, ಯೋಗಾಸನವಾ?" ಎಂದ. ಹೌದು ಎಂದೆ. ಸುಳ್ಳು ಹೇಳಿದೆ. ಇದಕ್ಕಾಗಿ!

ನಗು, ಪರವಾಗಿಲ್ಲ. ಈಗ ನಗಬಹುದು.

ಬರಬೇಕೆಂದು ಏಕೆ ಅನ್ನಿಸಿತು ಎಂದರೆ... ಹೇಗೆ ಹೇಳಲಿ. ತರಗತಿಯಲ್ಲಿ ಪ್ರತಿ ವರ್ಷ ಕೆಂಪು ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದು, "ಮಕ್ಕಳೇ, ಇದು ಮಂಗಳ" ಎನ್ನುತ್ತಿದ್ದೆ. ಮಕ್ಕಳು ನಂಬುತ್ತಿದ್ದರು. ಬೋರ್ಡು ಒರೆಸುವಾಗ ಆ ಸೊನ್ನೆಯನ್ನು ಮಾತ್ರ ಕೊನೆಗೆ ಒರೆಸುತ್ತಿದ್ದೆ. ಅಷ್ಟೇ. ಮೊನ್ನೆ ನೀನು ಫೋನಿನಲ್ಲಿ ಯಾರಿಗೋ, "ಧ್ರುವದ ಹಿಮ ಕೂಡ ಬೆಳ್ಳಗೆ ಕಾಣುತ್ತಂತೆ ಕಣೇ" ಎನ್ನುತ್ತಿದ್ದೆ. ನಾನು ಹುರುಳಿಕಾಯಿ ಸೋಸುತ್ತಿದ್ದೆ. ನಾರೆಲ್ಲ ಪಾತ್ರೆಗೆ, ಕಾಯೆಲ್ಲ ಕಸಕ್ಕೆ ಹೋಯಿತು.

ನೀನು ನಾಲ್ಕು ಅಂಗುಲ ಎತ್ತರಿಸಿದರೆ ನನಗೆ ಬಾಗಿಲಲ್ಲೇ ಮುಗಿಯುತ್ತದೆ. ಹತ್ತಲಾಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಬರುವುದಿಲ್ಲ ಎನ್ನುವುದು ಬೇರೆ, ಹತ್ತಲಾಗುವುದಿಲ್ಲ ಎನ್ನುವುದು ಬೇರೆ. ಇನ್ನೂ ನಲವತ್ತೈದು ವರ್ಷ ಆದಮೇಲೆ ನಿನಗೆ ಅದು ಅರ್ಥವಾಗುತ್ತದೆ.

ಎಲ್ಲಿಗೆ ಹೊರಟೆ? ಮಾತು ಮುಗಿದಿಲ್ಲ. ಮಣೆ ಏಕೆ ತೆಗೆದುಕೊಂಡು ಹೋಗುತ್ತೀ?

ಧೃತಿ... ಅದನ್ನು ನೆಲದ ಮೇಲೆ ಏಕೆ ಇಟ್ಟೆ?

ವಾಹನದ ಬಾಗಿಲ ಕೆಳಗೆ. ...ಕೆಳಗೆ.

ಅಯ್ಯೋ ರಾಮಾ!

ಮೇಲೆ ಇಟ್ಟು ಇಟ್ಟು ಹತ್ತಿದೆ. ಅದನ್ನೇ ಕೆಳಗೆ ಇಟ್ಟರೆ ಅಷ್ಟೇ ಅಂಗುಲ ಕಡಿಮೆಯಾಗುತ್ತದೆ ಎಂದು... ಭೌತಶಾಸ್ತ್ರವಂತೆ! ಗುರುತ್ವ ಕೇಂದ್ರವಂತೆ! ಮಣೆ ಎಂದರೆ ಕೂರುವುದು. ಅದು ಮೆಟ್ಟಿಲೂ ಆಗಬಹುದು ಎಂಬುದು ತಲೆಗೆ ಬರಲೇ ಇಲ್ಲವಲ್ಲ. ಅಮ್ಮನ ಬೈಗುಳ ಇಷ್ಟು ವರ್ಷ ಕಾದು ಕೂತು ಈಗ ಬಂದು ಕೈಕೊಟ್ಟಿತು.

ಏನು, ಕೈ ನೀಡಿಕೊಂಡು ನಿಂತಿದ್ದೀಯಾ? ಈಗಲೇ? ಶೀನಣ್ಣ ನೋಡುತ್ತಿದ್ದಾರೆ.

ನೋಡಲಿ.

ನಿಲ್ಲು, ಆ ಗೋಣಿ ಹಾಸು ಮೇಲೆ. ಪದ್ಧತಿ ಪದ್ಧತಿಯೇ. ...ಇಗೋ ಒಂದು ಕಾಲು. ಕೈ ಗಟ್ಟಿಯಾಗಿ ಹಿಡಿ, ಮೊಣಕೈ ಅಲ್ಲ, ಕೈ. ಹಾಂ... ಹಾಂ...

ಹತ್ತಿದೆ.

ಹತ್ತಿದೆ! ಕೇಳಿತೇ? ಸದ್ದಿಲ್ಲದೆ ಹತ್ತಿದೆ.

ಚೆನ್ನಾಗಿದೆ ಇಲ್ಲಿಂದ. ಶೀನಣ್ಣನವರ ತಲೆಯ ಮೇಲಿನ ಬೋಳು ಕಾಣುತ್ತದೆ. ಹ್ಞೂಂ ಶೀನಣ್ಣ, ನಾನೇ! ಇದು ಯೋಗಾಸನವಲ್ಲ!

ಏಕೆ ಮುನಿರಾಮಪ್ಪನವರಿಗೆ ಫೋನ್ ಮಾಡುತ್ತೀ? ನಾಲ್ಕು ಎಂದು ಹೇಳುತ್ತೀಯಾ, ಈಗ ಮಣೆ ಇದೆಯೆಂದು? ನಿಲ್ಲಿಸು. ಎರಡೇ. ನಕ್ಕರೆ ನಗು, ನಾನು ಲೆಕ್ಕ ಹಾಕಿದ್ದು ನನ್ನ ಮಂಡಿಗಾಗಿ, ಒಪ್ಪುತ್ತೇನೆ. ಆದರೆ ಲೆಕ್ಕಕ್ಕೆ ಮಂಡಿಯಿಲ್ಲ. ಲೋಟ ಯಾರ ಸೀರೆಯ ಮೇಲಾದರೂ ಉರುಳುತ್ತದೆ. ಎರಡು ಅಂಗುಲ, ಮೆತ್ತನೆಯ ಪಟ್ಟಿ, ಒಂದು ಅಂಗುಲದಷ್ಟು ದೊಡ್ಡ ಟೈರು. ಮಣೆ ನಮ್ಮದು. ಹೇಳು ಅವರಿಗೆ.

ಅಮಾವಾಸ್ಯೆಯ ದಿನ ಹೊರಡಬಾರದು ಎಂದು ನಿನ್ನ ಅಮ್ಮ ಹೇಳಿದರೆ, ಆಂಡಾಳತ್ತೆಯೇ ಹೊರಟಿದ್ದಾಳೆ ಎನ್ನು. ಆಮೇಲೆ ಅವಳು ಮಾತನಾಡುವುದಿಲ್ಲ. ಮೋಡ ಕವಿದರೆ? ಕವಿದರೆ ಮೋಡ ನೋಡಿಕೊಂಡು ಬರೋಣ.

ಬರೋಣ ಎಂದೆ. ಹೌದು. ಈ ಸಲ ಬಾಯಿತಪ್ಪಿ ಅಲ್ಲ.

ತೀರ್ಮಾನವಾಯಿತು. ಸ್ಟಾಫ್ ಮೀಟಿಂಗ್ ಮುಗಿಸುವ ಹಾಗೆಯೇ ಮುಗಿಸುತ್ತೇನೆ, ಅಭ್ಯಾಸ ಬಿಡುವುದಿಲ್ಲ. ಹಾಜರಿದ್ದವರು: ಧೃತಿ, ಕೊನೆಯವರೆಗೂ ಒಂದು ಮಾತು ಬಿಟ್ಟುಕೊಡದವಳು. ಶೀನಣ್ಣ, ಗೇಟಿನ ಆಚೆ, ಯಾರೂ ಕರೆಯದೆ. ನರಸಮ್ಮ, ಬಾಗಿಲ ಹಿಂದೆ, ಸೆರಗು ಬಾಯಿಗಿಟ್ಟುಕೊಂಡು. ಈಚೆ ಬಾರಮ್ಮ, ನಿನ್ನ ಹಪ್ಪಳದ ಮಣೆ ಸಿಕ್ಕಿತು. ಮತ್ತು ಆಂಡಾಳ್, ವಾಹನದ ಒಳಗೆ.