ಗಂಡನೇ ಅಳಿಯನಾದ ಮೇಲೆ

ಮಾನ್ಯ ಅಧ್ಯಕ್ಷರಾದ ಬೋರಲು ಹಾಕಿದ ಒರಳಿನವರೇ, ಮುಖ್ಯ ಅತಿಥಿಗಳಾಗಿ ಬೇಲಿಯ ಮೇಲೆ ಆಸೀನರಾಗಿರುವ ಹುಂಜದವರೇ, ಬಿಸಿಲಿನಲ್ಲೂ ಎದ್ದು ಹೋಗದೆ ಸಾಲಾಗಿ ನಿಂತಿರುವ ಬಾಳೆಗಿಡಗಳೇ, ಸಭಿಕರೇ,

ಭಾನುವಾರ ಚರ್ಚಿನ ಸಭಾಂಗಣದಲ್ಲಿ ನಿಮ್ಮ ಜಾಗದಲ್ಲಿ ಮನುಷ್ಯರು ಕೂತಿರುತ್ತಾರೆ. ಅಂದು ನಮ್ಮೂರ ಮಹಿಳಾ ಸಂಘದವರು ಡಮಾಲಿ ನಲುಮಾನ್ಸಿ ಎಂಬ ನನ್ನನ್ನು ಈ ವರ್ಷದ ‘ತಾಳ್ಮೆಯ ಪತ್ನಿ’ ಎಂದು ಸನ್ಮಾನಿಸುತ್ತಾರಂತೆ. ಗಾಜು ಹಾಕಿಸಿದ ಪ್ರಶಸ್ತಿ ಪತ್ರ, ಒಂದು ಫ್ಲಾಸ್ಕು, ಹತ್ತು ನಿಮಿಷದ ಮಾತು. ಸನ್ಮಾನ ಸಿಕ್ಕಾಗ ಅನುಮಾನ ಪಡಬಾರದು ನಿಜ. ಆದರೂ ಸಂಘದ ಕಾರ್ಯದರ್ಶಿ ಫೀಬಿ ನನ್ನ ಕಿವಿಯಲ್ಲಿ ಹೇಳಿದ್ದು ಹೀಗೆ: “ಅಳಬೇಡ ಡಮಾಲಿ. ಆದ್ರೆ ಒಂಚೂರು ಅತ್ರೂ ಚೆನ್ನಾಗಿರುತ್ತೆ.” ಅದಕ್ಕೇ ಈ ತಾಲೀಮು. ಎಲ್ಲಿ ಅಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಮೊದಲೇ ಗೊತ್ತು ಮಾಡಿಕೊಳ್ಳಬೇಡವೇ?

ನನ್ನ ಗಂಡ ಸೆಬ್ಬೋವ ದರ್ಜಿ. ಇಲ್ಲಿಂದ ಕಂಪಾಲಾ ರಸ್ತೆಯವರೆಗೆ ಯಾವ ಹೆಂಗಸು ಮದುವೆಗೆ ಗೊಮೆಸಿ ಉಟ್ಟು ಹೊರಟರೂ ಅದರ ಎತ್ತರದ ತೋಳು ಇವರು ಹೊಲಿದದ್ದು. ಹೆಂಡತಿಯ ಹುಟ್ಟುಹಬ್ಬ ನೆನಪಿಲ್ಲ, ಊರ ಹೆಂಗಸರ ಅಳತೆಯೆಲ್ಲ ಬಾಯಿಪಾಠ. ಹನ್ನೊಂದು ತಿಂಗಳ ಹಿಂದೆ ಬಟ್ಟೆ ತರಲು ಬಾಡಿಗೆ ಬೈಕು ಹತ್ತಿ ಹೋದರು. ಲಾರಿಯೊಂದು ಹಿಂದಿನಿಂದ ಗುದ್ದಿತು. ಹೆಲ್ಮೆಟ್ ತಲೆಗಿರಲಿಲ್ಲ, ಬೈಕಿನ ಹ್ಯಾಂಡಲ್ಲಿಗಿತ್ತು. ಹ್ಯಾಂಡಲ್ಲಿಗೆ ಏನೂ ಆಗಲಿಲ್ಲ.

ಹತ್ತೊಂಬತ್ತು ದಿನ ಎಚ್ಚರವಿರಲಿಲ್ಲ. ತಲೆಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. ಮೂಗಿನ ನಳಿಗೆಯಲ್ಲಿ ಗಂಜಿ, ಕೆಳಗಿನ ನಳಿಗೆಯಲ್ಲಿ ಮೂತ್ರ, ನಡುವೆ ನಾನು. ಒಂದೊಂದೇ ಮಾತು ಮರಳಿತು, ಒಂದೊಂದೇ ಹೆಜ್ಜೆ ಮರಳಿತು. ನಾಲ್ಕನೆಯ ತಿಂಗಳು ಕೋಲು ಹಿಡಿದು ಮನೆಗೆ ಬಂದರು. ಇನ್ನೇನು ಬೇಕು, ನೀವೇ ಹೇಳಿ?

ಮನೆಗೆ ಬಂದ ಮರುದಿನ ಬೆಳಿಗ್ಗೆ, ಇಪ್ಪತ್ತೆರಡು ವರ್ಷ ಮಾಡಿದಂತೆಯೇ ಮಂಡಿಯೂರಿ ಗಂಜಿಯ ಬಟ್ಟಲು ಚಾಚಿದೆ. ಅವರು ಹೊದಿಕೆಯನ್ನು ಮುಖಕ್ಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿಬಿಟ್ಟರು.

“ಅತ್ತೆಮ್ಮಾ! ನೀವ್ಯಾಕೆ ತಂದ್ರಿ? ಆಕಡೆ ಹೋಗಿ ತಾಯಿ! ನಿಮ್ಮ ಮಗಳೆಲ್ಲಿ?”

ಸಭಿಕರೇ, ನನ್ನದು ನನ್ನ ತಾಯಿಯ ಮುಖ. ಅದೇ ಹಣೆ, ಅದೇ ಹಲ್ಲಿನ ಸಂದು. ಮುಖ್ಯ ಅತಿಥಿಗಳಿಗೆ ಅತ್ತೆ–ಅಳಿಯರ ಮರ್ಯಾದೆ ಗೊತ್ತಿರಲಿಕ್ಕಿಲ್ಲ. ಹುಂಜಗಳಲ್ಲಿ ಅಷ್ಟೆಲ್ಲ ಕಟ್ಟುಪಾಡಿಲ್ಲ. ನಮ್ಮಲ್ಲಿ ಅಳಿಯ ಅತ್ತೆಯ ಮುಖ ನೋಡುವಂತಿಲ್ಲ, ಮುಟ್ಟುವಂತಿಲ್ಲ. ಮಾತಾಡುವುದಿದ್ದರೆ ನಡುವೆ ಗೋಡೆಯೋ ಬಟ್ಟೆಯೋ ಇರಬೇಕು. ಮುಟ್ಟಿದರೆ ತಗಲುವುದೇ ಒಬುಕೊ. ಒಬುಕೊ ತಗಲಿದವನ ಕೈ ನಡುಗುತ್ತದೆ, ಸಾಯುವವರೆಗೂ ನಡುಗುತ್ತದೆ. ನನ್ನ ತಾಯಿಗೆ ಇವರು ಗೊಮೆಸಿ ಹೊಲಿದಾಗಲೂ ದೂರದ ಅಂದಾಜಿನಲ್ಲೇ ಹೊಲಿದರು. ಸೊಂಟದಲ್ಲಿ ಮೂರು ಇಂಚು ಸಡಿಲ. ಆಕೆ ಪಟ್ಟಿ ಬಿಗಿದುಕೊಂಡು “ನನ್ನ ಅಳಿಯನಂಥ ದರ್ಜಿ ಇಲ್ಲ” ಎಂದು ಊರೆಲ್ಲ ತಿರುಗಿದಳು.

ಈಗ ಕೇಳಿ. ತಲೆಗೆ ಪೆಟ್ಟು ಬಿದ್ದಾಗಿನಿಂದ ಇವರ ಬಲಗೈ ನಡುಗುತ್ತದೆ. “ಮೆದುಳಿನ ಗಾಯದ್ದು, ನಿಧಾನಕ್ಕೆ ಕಮ್ಮಿಯಾಗುತ್ತೆ” ಎಂದರು ಡಾಕ್ಟರು. ಇವರಿಗೆ ಕಾರಣ ಡಾಕ್ಟರಿಗಿಂತ ಚೆನ್ನಾಗಿ ಗೊತ್ತು. ನಾನು ಮೈ ತೊಳೆಸಿದರೆ, “ನೋಡಿ ಅತ್ತೆಮ್ಮಾ, ನಡುಗ್ತಿದೆ ನೋಡಿ! ಸಾಯಿಸ್ತೀರಾ ನನ್ನ?” ಎಂದು ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದರು. ಐವತ್ತೊಂದು ವರ್ಷದ ಗಂಡಸು, ಮೈಮೇಲೆ ಸೋಪಿನ ನೊರೆ.

ನಾನು ಸುಮ್ಮನಿದ್ದೆನೇ? ಮದುವೆಯ ಫೋಟೋ ತೋರಿಸಿದೆ. “ಪಾಪ, ನಿಮ್ಮ ಮಗಳು ಎಷ್ಟು ಸಣ್ಣಗಿದ್ಲು” ಎಂದರು. ಅಳತೆಯ ಟೇಪು ಕೈಗಿಟ್ಟು “ಅಳೀರಿ, ಸೊಂಟ ಅಳೀರಿ, ನಿಮ್ಮ ಕೈಗಾದ್ರೂ ಗೊತ್ತಾಗುತ್ತೆ” ಎಂದೆ. ಹಾವನ್ನು ಎಸೆದಂತೆ ಎಸೆದರು. ಕೊನೆಗೆ ರೇಗಿ, “ನಿಮ್ಮ ಅತ್ತೆ ಸತ್ತು ಎಂಟು ವರ್ಷ ಆಯ್ತು, ಮಣ್ಣು ಹಾಕಿದ್ದು ನೀವೇ!” ಎಂದೆ. ಅವರು ಯೋಚಿಸಿ ಹೇಳಿದರು: “ಹಾಗಾದ್ರೆ ಇನ್ನೂ ಕಷ್ಟ. ಸತ್ತೋರು ಕೊಟ್ಟ ಗಂಜಿ ಯಾರು ಕುಡೀತಾರೆ?”

ಪಕ್ಕದ ಮನೆಯ ಮುತ್ಯಾಬಜ್ಜ ವಾರಕ್ಕೆರಡು ಸಲ ಬಂದು ಸ್ನಾನ ಮಾಡಿಸುತ್ತಿದ್ದ. ಉಳಿದ ದಿನ ನಾನೇ. ಅವರ ಅಳುವಿನ ಜೊತೆ ನನ್ನ ಬೈಗುಳ. ಹೌದು, ಬೈದಿದ್ದೇನೆ. ಒಮ್ಮೆ ಹೊಡೆದೂ ಇದ್ದೇನೆ. ಪ್ರಶಸ್ತಿ ಪತ್ರದಲ್ಲಿ ಇದಕ್ಕೆ ಜಾಗವಿಲ್ಲ, ಭಾನುವಾರ ಈ ಸಾಲು ಬಿಟ್ಟು ಓದುತ್ತೇನೆ.

ಆಮೇಲೆ ಬಾಗಿಲಿಗೆ ಪರದೆ ಹಾಕಿದೆ. ಪರದೆಯ ಈಚೆ ಅತ್ತೆ, ಆಚೆ ಅಳಿಯ. ತಟ್ಟೆಯನ್ನು ಅಡಿಯಿಂದ ತಳ್ಳುತ್ತಿದ್ದೆ. ಅರ್ಧ ತುತ್ತು ನೆಲಕ್ಕೆ, ಅರ್ಧ ಅಂಗಿಗೆ. ತಿಂಗಳು ತಿಂಗಳಿಗೆ ಮೈ ಇಳಿಯಿತು. ಆದರೆ ಮಾತು? ಅಬ್ಬಾ! ಇಪ್ಪತ್ತೆರಡು ವರ್ಷದಲ್ಲಿ ಹೆಂಡತಿಯೊಡನೆ ಆಡದ ಮಾತನ್ನೆಲ್ಲ ಅತ್ತೆಯೊಡನೆ ಆಡಿದರು. ಅವರ ಲೆಕ್ಕದಲ್ಲಿ ಹೆಂಡತಿ ಮುನಿಸಿಕೊಂಡು ತವರಿಗೆ ಬಂದಿದ್ದಾಳೆ, ಇದು ತವರುಮನೆ, ತಾವು ಅವಳನ್ನು ಕರೆದೊಯ್ಯಲು ಬಂದು ಕೂತಿದ್ದಾರೆ. ದಿನಾ ಬೆಳಿಗ್ಗೆ, ಅತ್ತೆಮನೆಗೆ ಹೋಗುವಾಗ ತೊಡುವ ಬಿಳಿ ನಿಲುವಂಗಿ ತೊಟ್ಟು ಚಾಪೆಯ ಮೇಲೆ ಕೂತು ಕೇಳುತ್ತಿದ್ದರು:

“ನನ್ನ ತಪ್ಪೇನು ಹೇಳಿ ಅತ್ತೆಮ್ಮಾ. ತಿದ್ಕೋತೀನಿ.”

ಮೊದಮೊದಲು ಅತ್ತೆಯ ದನಿಯಲ್ಲಿ ತಮಾಷೆಗೆ ಹೇಳಿದೆ. “ಗೊರಕೆ ಹೊಡೀತೀಯಂತೆ.” “ಬಾಳೆಕಾಯಿ ಮಟೋಕೆ ಬೆಂದಿಲ್ಲ ಅಂತ ಮುಖ ಗಂಟು ಹಾಕ್ತೀಯಂತೆ.” ಪ್ರತಿಯೊಂದಕ್ಕೂ ಕ್ಷಮೆ ಕೇಳಿದರು. ಬರಬರುತ್ತಾ ನಿಜವಾದವನ್ನೇ ಹೇಳತೊಡಗಿದೆ. “ಎರಡನೇ ಮಗು ಹೊಟ್ಟೇಲೇ ಹೋದಾಗ ಅಂಗಡಿ ಬಿಟ್ಟು ಬರಲಿಲ್ಲವಂತೆ.” ಪರದೆಯ ಹತ್ತಿರ ಸರಿದು ಕೂತರು. ಆಮೇಲೆ, “ಬಂದಿದ್ದೆ ಅತ್ತೆಮ್ಮಾ. ಆಸ್ಪತ್ರೆ ಗೇಟಿನವರೆಗೂ ಬಂದಿದ್ದೆ. ಒಳಗೆ ಬರೋಕೆ ಧೈರ್ಯ ಆಗ್ಲಿಲ್ಲ. ಅವಳಿಗೆ ಹೇಳ್ಬೇಡಿ.”

ಹೇಳಲಿಲ್ಲ. ಯಾರಿಗೆಂದು ಹೇಳಲಿ?

ಇಲ್ಲಿ ಸಭಿಕರು ಕಣ್ಣೊರೆಸಿಕೊಳ್ಳಬಹುದು. ಇಲ್ಲಿಗೆ ನನ್ನ ಮಾತು ಮುಗಿಸಿ, ತಾಳ್ಮೆಯಿಂದ ಕೇಳಿದ ನಿಮಗೆ ವಂದಿಸಿ, ನಮಸ್ಕಾರ ಹೇಳಿ ಫ್ಲಾಸ್ಕು ಹಿಡಿದು ಇಳಿಯಬೇಕು. ಫೀಬಿ ಬರೆದುಕೊಟ್ಟ ಚೀಟಿಯಲ್ಲಿ ಹಾಗೇ ಇದೆ.

ಆದರೆ ನಿನ್ನೆ, ಗುರುವಾರ, ಅವರು ತಟ್ಟೆ ಮುಟ್ಟಲಿಲ್ಲ. “ಅವಳು ಬರೋವರೆಗೂ ಉಣ್ಣಲ್ಲ” ಎಂದರು. ಬುಧವಾರವೂ ಉಂಡಿರಲಿಲ್ಲ. ನನಗೆ ಸಾಕಾಗಿತ್ತು, ಸಭಿಕರೇ. ನನ್ನ ಬಾಯಿಂದ ಬಂದುಬಿಟ್ಟಿತು:

“ಅವಳು ಬರಲ್ಲಪ್ಪ. ನಿನ್ನ ಬಿಟ್ಟಾಯ್ತು. ಬೇರೆ ಮದುವೇನೂ ಆಯ್ತು.”

ಅಳುತ್ತಾರೆ, ಕೂಗುತ್ತಾರೆ ಎಂದುಕೊಂಡೆ. ಇಲ್ಲ. ನಿಲುವಂಗಿ ತೆಗೆದು ಮಡಚಿದ ಸದ್ದಾಯಿತು. ಆಮೇಲೆ ಮೆಲ್ಲಗೆ ಕೇಳಿದರು:

“ಹಾಗಾದ್ರೆ ನೀವಿನ್ನು ನಂಗೆ ಅತ್ತೆಯಲ್ಲ?”

“ಅಲ್ಲ.”

“ನಾನು ನಿಮ್ಗೆ ಅಳಿಯ ಅಲ್ಲ?”

“ಅಲ್ಲಪ್ಪ.”

ಪರದೆಯನ್ನು ಅವರೇ ಸರಿಸಿದರು. ಏಳು ತಿಂಗಳ ಮೇಲೆ ನನ್ನ ಮುಖ ನೋಡಿದರು. ಬಾಯಿ ತೆರೆದರು. ಒಂದು ತುತ್ತೂ ಚೆಲ್ಲದಂತೆ ಉಣಿಸಿದೆ. ಬಿಸಿನೀರಲ್ಲಿ ಬೆನ್ನು ಉಜ್ಜಿದೆ. ಅಳಲಿಲ್ಲ. ತಲೆಯ ಹೊಲಿಗೆಯ ಮೇಲೆ ಎಣ್ಣೆ ಹಚ್ಚುವಾಗ ಕಣ್ಣು ಮುಚ್ಚಿಕೊಂಡು, “ಪುಣ್ಯಾತ್ಗಿತ್ತಿ, ಯಾರ ಮನೆಯೋಳಮ್ಮ ನೀನು?” ಎಂದರು.

ಫೀಬಿ, ಭಾನುವಾರ ನನ್ನನ್ನು ಕರೆಯಬೇಡ. ಆ ಮನುಷ್ಯನಿಗೆ ಈಗ ಹೆಂಡತಿಯಿಲ್ಲ. ಒಂದು ತುತ್ತು ಉಣ್ಣಿಸುವುದಕ್ಕಾಗಿ ನಾನೇ ಅವಳನ್ನು ಬಿಡಿಸಿಬಿಟ್ಟೆ.