ಹೆಸರು ಕರೆದರೂ ತಿರುಗದ ಕೂಸು

ಎಣ್ಣೆ ಗಿರಣಿಯ ಸಾಹುಕಾರರದೊಂದು ಮನೆ ಇತ್ತು. ಸಭೆಯಲ್ಲಿ ಕೂತವರೇ, ಯಾವ ಊರು ಎಂದು ಕೇಳಬೇಡಿ. ಊರು ಹೇಳಿದರೆ ನೀವು ಆ ಮನೆಯನ್ನು ಹುಡುಕಲು ಹೊರಡುತ್ತೀರಿ, ನಿಮ್ಮ ಮನೆಯನ್ನು ಮರೆಯುತ್ತೀರಿ.

ಆ ಮನೆಯಲ್ಲಿ ಏನಿರಲಿಲ್ಲ? ಎಲ್ಲ ಇತ್ತು. ಮದುವೆಯಾದ ಆರು ವರ್ಷಕ್ಕೆ ಸೊಸೆ ಕಸ್ತೂರಿಯ ಮಡಿಲಿಗೆ ಒಂದು ಹೆಣ್ಣು ಕೂಸೂ ಬಂತು. ಚಿನ್ಮಯಿ ಎಂದು ಹೆಸರಿಟ್ಟರು, ಚಿನ್ನೂ ಎಂದು ಕರೆದರು. ನೋಡಲು ಬಂದವರಿಗೆಲ್ಲ ಅತ್ತೆ ಬಸಲಿಂಗವ್ವ ಹೇಳುತ್ತಿದ್ದಳು, "ಭಾಳ ಶಾಂತ ಕೂಸರೀ ನಮ್ದು. ಅಳೂದಿಲ್ಲ, ಹಟಾ ಮಾಡೂದಿಲ್ಲ. ಒಂದ್ ಡಬ್ಬಿ ಮುಚ್ಚಳ ಕೊಟ್ರ ತಾಸುಗಟ್ಟಲೆ ತಿರುಗಿಸ್ಕೋತ ಕುಂದರತೈತಿ."

ಕಸ್ತೂರಿಯೂ ಹಿಗ್ಗಿದಳು. ಎಷ್ಟು ದಿನ? ಪಕ್ಕದ ಮನೆಯವಳು ತನ್ನ ಎಂಟು ತಿಂಗಳ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದ ದಿನದವರೆಗೆ. ಆ ಮಗು ಕಸ್ತೂರಿಯ ಮುಖ ನೋಡಿತು. ಅವಳು ನಕ್ಕರೆ ನಕ್ಕಿತು. ನಾಚಿಕೊಂಡು ತಾಯಿಯ ಹೆಗಲಲ್ಲಿ ಮುಖ ಮುಚ್ಚಿ, ಮತ್ತೆ ಇಣುಕಿ ಇವಳನ್ನೇ ನೋಡಿತು. ಕಸ್ತೂರಿ ಮುಚ್ಚಳ ತಿರುಗಿಸುತ್ತ ಕೂತಿದ್ದ ಚಿನ್ನೂನ ಕಡೆ ನೋಡಿದಳು. ನೋಡಿ, ಅವಳ ಕೂಸಿಗೆ ಆಗ ಹನ್ನೊಂದು ತಿಂಗಳು. ಒಮ್ಮೆಯೂ ಹೀಗೆ ನೋಡಿರಲಿಲ್ಲ.

ಅಂದಿನಿಂದ ಅವಳು ಕದ್ದು ಕದ್ದು ಪರೀಕ್ಷೆ ಮಾಡತೊಡಗಿದಳು. ಬೆನ್ನ ಹಿಂದೆ ನಿಂತು, "ಚಿನ್ನೂ" ಎಂದಳು. ತಿರುಗಲಿಲ್ಲ. ಮತ್ತೆ ಕರೆದಳು. ತಿರುಗಲಿಲ್ಲ. ತಟ್ಟೆಯ ಮೇಲೆ ಚಮಚ ಬೀಳಿಸಿದಳು. ಕೂಸು ಬೆಚ್ಚಿಬಿತ್ತು. ಕಿವಿ ಕೇಳುತ್ತದೆ. ಹಾಗಾದರೆ ತಾಯಿ ಕರೆದದ್ದು ಮಾತ್ರ ಏಕೆ ಮುಟ್ಟುವುದಿಲ್ಲ? ಆಮೇಲೆ ಅವಳು ಏನು ಮಾಡಿದಳು ಗೊತ್ತೇ? ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಳು. ಕರೆದರೆ ತಾನೆ ತಿರುಗದಿರುವುದನ್ನು ನೋಡಬೇಕಾದದ್ದು?

ಒಂದು ಮಧ್ಯಾಹ್ನ ಗಂಡನಿಗೆ ಬಡಿಸುತ್ತ ಕೇಳಿದಳು, "ಒಮ್ಮೆ ಡಾಕ್ಟರಿಗೆ ತೋರಸೋಣೇನ್ರೀ?"

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಏನಂತ ತೋರಸೂದು? ಜ್ವರ ಇಲ್ಲ, ಕೆಮ್ಮ ಇಲ್ಲ. ನಾನೂ ತಡಾನ ಮಾತಾಡಿದ್ನಂತ, ಅವ್ವನ್ನ ಕೇಳು."

ಕಸ್ತೂರಿ ಅಡುಗೆಮನೆಗೆ ಹೋಗಿ ಉಸಿರು ಬಿಟ್ಟಳು. ಸಿಟ್ಟಿನಿಂದಲ್ಲ, ನೆಮ್ಮದಿಯಿಂದ. ಬೇಡ ಎಂದನಲ್ಲ, ಸದ್ಯ. ಹೋದರೆ ಡಾಕ್ಟರು ಏನನ್ನುವರೋ, ಅದನ್ನು ಈಗ ಕೇಳಬೇಕಾಗಿಲ್ಲ.

ದಿನಗಳು ಹೋದವು. ಕೂಸು "ಅವ್ವ" ಎನ್ನುತ್ತಿತ್ತು, "ಬಾ" ಎನ್ನುತ್ತಿತ್ತು. ಎರಡೇ ಮಾತು. ಹದಿನಾರನೆಯ ತಿಂಗಳಲ್ಲಿ ಆ ಎರಡೂ ನಿಂತುಹೋದವು. ಬಸಲಿಂಗವ್ವ ದೃಷ್ಟಿ ತೆಗೆದಳು, ಕೈಗೆ ಕಪ್ಪು ದಾರ ಕಟ್ಟಿದಳು. ಯಾರಾದರೂ ಬಂದರೆ ಕಸ್ತೂರಿ, "ಕೂಸು ಮಲಗೇತ್ರಿ" ಎಂದು ಬಾಗಿಲಲ್ಲೇ ಹೇಳಿ ಕಳಿಸತೊಡಗಿದಳು.

ಒಂದೂವರೆ ವರ್ಷ ತುಂಬಿದ ಮೇಲೆ ಒಂದು ದಿನ ಊಟದ ಹೊತ್ತಿಗೆ ಕೂಸು ಕಾಣಲಿಲ್ಲ.

ಹಿತ್ತಿಲಲ್ಲಿ ನೆಲದೊಳಗಿನ ನೀರಿನ ತೊಟ್ಟಿಯ ಮುಚ್ಚಳ ತೆರೆದಿತ್ತು. ಬಸಲಿಂಗವ್ವ ಕಿರುಚಿ ಮಗನನ್ನು ಕರೆದಳು. ಗಂಡ ಬಿದಿರಿನ ಗಳ ತಂದು ತೊಟ್ಟಿಗೆ ಇಳಿಸಿ ತಡಕಾಡಿದ. ಗಿರಣಿಯ ಆಳುಗಳು ಓಡಿ ಬಂದರು. "ಚಿನ್ನೂ, ಚಿನ್ನೂ" ಎಂದು ಇಡೀ ಓಣಿ ಕರೆಯಿತು. ಕಸ್ತೂರಿಯೂ ಕರೆದಳು, ಗಂಟಲು ಹರಿಯುವಂತೆ ಕರೆದಳು. ಕರೆಯುತ್ತ ಕರೆಯುತ್ತ ಅವಳ ಕಾಲು ನಿಂತವು. ನಾನು ಯಾರನ್ನು ಕರೆಯುತ್ತಿದ್ದೇನೆ? ನನ್ನ ಮಗಳು ಕರೆದರೆ ಓಗೊಡುವುದಿಲ್ಲ. ಏಳು ತಿಂಗಳಿಂದ ನನಗೆ ಗೊತ್ತು. ಗೊತ್ತಿದ್ದೂ ಕರೆಯುತ್ತಿದ್ದೇನೆ.

ಅವಳು ಬಾಯಿ ಮುಚ್ಚಿಕೊಂಡಳು. ಒಂದೊಂದೇ ಮೂಲೆಗೆ ಬಗ್ಗಿ ನೋಡುತ್ತ ಹೋದಳು. ಉಗ್ರಾಣದಲ್ಲಿ, ಶೇಂಗಾ ಚೀಲಗಳ ಸಂದಿಯಲ್ಲಿ ಕೂಸು ಕೂತಿತ್ತು. ಮುಚ್ಚಳ ತಿರುಗಿಸುತ್ತಿತ್ತು. ಗೋಡೆಯ ಆಚೆ ಅಷ್ಟೂ ಜನ ಅದರ ಹೆಸರನ್ನೇ ಕೂಗುತ್ತಿದ್ದರು.

ಕಸ್ತೂರಿ ಕೂಸನ್ನು ಎತ್ತಿಕೊಂಡು ಬಂದಾಗ ಬಸಲಿಂಗವ್ವ ಅದರ ಎರಡೂ ಕಾಲು ಹಿಡಿದುಕೊಂಡಳು.

"ನಂಗೊತ್ತಿತ್ತವಾ ಕಸ್ತೂರಿ," ಎಂದಳು. "ನಾ ನಕ್ಕರ ಅದು ನಗತಿದ್ದಿಲ್ಲ. ಬಾಯಿಬಿಟ್ಟು ಅಂದ್ರ ಖರೇ ಆಗಿಬಿಡತೈತಿ ಅಂತ ಅಂಜಿ ಸುಮ್ಮನಿದ್ದೆ."

ಗಂಡ ಒದ್ದೆ ಗಳ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಕೂಸು ಹೆಸರಿಗೆ ಯಾಕ ತಿರುಗೂದಿಲ್ಲ ಅಂತ ನಾನೂ ಫೋನಿನ್ಯಾಗ ಹುಡುಕಿ ಓದೀನಿ," ಎಂದ.

ಕೇಳಿದಿರಾ? ಒಂದೇ ಸೂರು, ಮೂರು ಜನ, ಮೂವರಿಗೂ ಗೊತ್ತು. ಮೂವರೂ ಒಬ್ಬರಿಂದ ಒಬ್ಬರು ಮುಚ್ಚಿಟ್ಟರು. ಆ ಮುಚ್ಚುಮರೆಯಲ್ಲಿ ಏಳು ತಿಂಗಳು ಹೋದದ್ದು ಯಾರದು? ಕೂಸಿನದು.

ಮರುದಿನ ಜಿಲ್ಲಾ ಕೇಂದ್ರಕ್ಕೆ ಹೋದರು. ಮಕ್ಕಳ ಡಾಕ್ಟರಮ್ಮ ನೆಲದ ಮೇಲೆ ಕೂತು ಕೂಸಿನೊಂದಿಗೆ ಬಹಳ ಹೊತ್ತು ಆಡಿದರು. "ಆಟಿಸಂ ಇರಬಹುದು ಅನಸ್ತೈತಿ," ಎಂದರು. "ಮಂದಿ ಕೂಡ ಬೆರೆಯೂದು, ಮಾತಾಡೂದು ತಾನಾಗೇ ಸರಳ ಬರದ ಮಿದುಳಿನ ಬೆಳವಣಿಗಿ ಅದು. ಇನ್ನೂ ಪರೀಕ್ಷೆ ಆಗಬೇಕು, ಕಿವೀದೂ ಆಗಬೇಕು. ಆದ್ರ ಕಲಿಸೂದಕ್ಕ ಕಾಯೂದು ಬ್ಯಾಡ."

"ನಾ ಬಸರಿದ್ದಾಗ ಏನರ ತಪ್ಪ ಮಾಡೀನೇನ್ರೀ?" ಕಸ್ತೂರಿ ಕೇಳಿದಳು.

"ನೀವೇನೂ ತಪ್ಪು ಮಾಡಿಲ್ಲವಾ. ಯಾರೂ ಮಾಡಿಲ್ಲ. ಗುಳಿಗಿ ಕೊಟ್ರ ಹೋಗೂದಲ್ಲ ಇದು. ದಿನಾ ಅದರ ಮುಂದ ಕುಂತು ಆಡ್ರಿ, ಆಡಿಸಿ ಕಲಿಸ್ರಿ. ಹೆಂಗಂತ ನಾವು ತೋರಸ್ತೀವಿ."

ಈಗ ಚಿನ್ಮಯಿಗೆ ನಾಲ್ಕು ದಾಟಿದೆ. ಮಾತು ಕೆಲವೇ. ಜನ ಸೇರಿದಲ್ಲಿ ಕಿವಿ ಮುಚ್ಚಿಕೊಳ್ಳುತ್ತಾಳೆ. ನನ್ನ ನಂತರ ಇವಳಿಗೆ ಯಾರು ಎಂಬ ಅಂಜಿಕೆ ಕಸ್ತೂರಿಯ ಎದೆಯಿಂದ ಹೋಗಿಲ್ಲ. ನಾನು ನಿಮಗೆ ಸುಳ್ಳು ಹೇಳುವುದಿಲ್ಲ. ಆದರೆ ಕಳೆದ ವರ್ಷ ಒಂದು ಬೆಳಿಗ್ಗೆ ಚಿನ್ನೂ ಅಜ್ಜಿಯನ್ನು ಕಿಟಕಿಗೆ ಎಳೆದುಕೊಂಡು ಹೋಗಿ, ಕಾಂಪೌಂಡಿನ ಮೇಲಿದ್ದ ಅಳಿಲಿನ ಕಡೆ ಬೆರಳು ತೋರಿಸಿದಳು. ತೋರಿಸಿ, ನೀನೂ ನೋಡಿದೆಯಾ ಎಂಬಂತೆ ಅಜ್ಜಿಯ ಮುಖ ನೋಡಿದಳು. ಮೊಮ್ಮಗಳ ಮುಖವನ್ನೇ ನೋಡುತ್ತಿದ್ದ ಬಸಲಿಂಗವ್ವನಿಗೆ ಅಳಿಲು ಕಾಣಲೇ ಇಲ್ಲ.

ಕತೆ ಮುಗಿಯಿತೆಂದು ಮೈ ಸಡಿಲ ಬಿಟ್ಟಿರೇನು? ಈಗ ನಿಮ್ಮ ಸರದಿ. ಮನೆಯಲ್ಲಿ ಕೂಸಿದ್ದರೆ ಶಾಂತವಾಗಿದೆ ಎಂದು ಹೊಗಳಿ ಎದ್ದುಹೋಗಬೇಡಿ. ಎದುರು ಕೂತು ಮುಖ ನೋಡಿ. ನಕ್ಕರೆ ನಗುತ್ತದೆಯೇ? ವರ್ಷವಾಗುತ್ತ ಬಂತು, ಹೆಸರು ಕರೆದರೆ ತಿರುಗುತ್ತದೆಯೇ? ಒಂದೂವರೆ ವರ್ಷವಾಯಿತು, ಬೆರಳು ತೋರಿಸುತ್ತದೆಯೇ? ಬಂದ ಮಾತು ಹೋಯಿತೇ? ಇದರಲ್ಲೊಂದು ಹೆಚ್ಚುಕಮ್ಮಿ ಇದೆಯೆಂದ ಮಾತ್ರಕ್ಕೆ ಆಟಿಸಂ ಎಂದಲ್ಲ. ಅದನ್ನು ಹೇಳಬೇಕಾದವರು ಡಾಕ್ಟರು, ಓಣಿಯವರಲ್ಲ, ನಾನೂ ಅಲ್ಲ. ದಾರ ಕಟ್ಟುವುದಿದ್ದರೆ ಕಟ್ಟಿ, ಕಟ್ಟಿ ಆಸ್ಪತ್ರೆಗೆ ನಡೆಯಿರಿ. ಗಂಡಸರೇ, ಹೆಂಡತಿ ಅಂಜಿಕೆ ಹೇಳಿಕೊಂಡಾಗ ತಟ್ಟೆಯಿಂದ ತಲೆ ಎತ್ತಿ. ಅತ್ತೆಯಂದಿರೇ, ಸೊಸೆಯ ಬಸಿರಿನಲ್ಲಿ ತಪ್ಪು ಹುಡುಕಬೇಡಿ.

ಈ ಸಭೆಯಲ್ಲಿ ಒಬ್ಬ ತಾಯಿ ಈಗ ತಲೆ ತಗ್ಗಿಸಿ ಕೂತಿರಬಹುದು. ಯಾರೂ ಹಿಂತಿರುಗಿ ಹುಡುಕಬೇಡಿ. ತಾಯಿ, ನಾಳೆ ಸೋಮವಾರ. ಆಸ್ಪತ್ರೆ ತೆರೆದಿರುತ್ತದೆ. ಕೂಸನ್ನು ಎತ್ತಿಕೊಂಡು ಹೋಗಿ ಬಾ.